ರೂಟ್ ಆದರೂ ‘ಯೂಸರ್‌ಆ್ಯಡ್’ ಸಿಗುತ್ತಿಲ್ಲ, ಯಾಕೆ?

ಲ್ಯಾಬ್‌ಕೋಣೆ:
ನಮ್ಮ ಕಾಲೇಜು ಲ್ಯಾಬಿನ ಸರ್ವರ್‌ನಲ್ಲಿ ಡೆಬಿಯನ್ 9 (ಲಿನಕ್ಸ್) ಇತ್ತು, ಈಗ ಡೆಬಿಯನ್ 12 ಹಾಕಿದ್ದೇವೆ. ಹೊಸ ಬ್ಯಾಚಿನ ಹುಡುಗರಿಗೆ ಅಕೌಂಟ್ ಮಾಡಬೇಕು. ಬೇರೆ ಯೂಸರ್ ಆಗುವ ‘ಸು’ ಕಮಾಂಡ್ ಹೊಡೆದು ರೂಟ್ (ಪೂರ್ಣ ಅಧಿಕಾರದ ಯೂಸರ್) ಪಾಸ್‌ವರ್ಡ್ ಕೊಟ್ಟರೆ # ಪ್ರಾಂಪ್ಟ್ ಬರುತ್ತದೆ. ‘ಹೂಆ್ಯಮ್‌ಐ’ ಹೊಡೆದರೆ ರೂಟ್ ಅನ್ನುತ್ತದೆ. ಆದರೆ ಅಕೌಂಟ್ ಮಾಡುವ ‘ಯೂಸರ್‌ಆ್ಯಡ್’ ಹೊಡೆದರೆ ‘ಕಮಾಂಡ್ ನಾಟ್ ಫೌಂಡ್’. ಫೈಲ್ ನೋಡಿದರೆ /ಯುಎಸ್‌ಆರ್/ಎಸ್‌ಬಿನ್ ಒಳಗೇ ಇದೆ. ಮೊದಲು ಹೀಗೇ ಮಾಡಿದರೆ ಆಗುತ್ತಿತ್ತಲ್ವಾ?

ಹಳೇಟರ್ಮಿನಲ್:
ಆಗುತ್ತಿತ್ತು, ನಿಮ್ಮ ನೆನಪು ಸರಿ. ಡೆಬಿಯನ್ 10ರಲ್ಲಿ, ಅಂದರೆ 2019ರಲ್ಲಿ, ‘ಸು’ ಪ್ರೋಗ್ರಾಮನ್ನೇ ಬದಲಾಯಿಸಿದರು. ಮೊದಲು ‘ಶ್ಯಾಡೋ’ ಪ್ಯಾಕೇಜಿನದು ಇತ್ತು, ಆಮೇಲೆ ‘ಯುಟಿಲ್-ಲಿನಕ್ಸ್’ನದು ಬಂತು. ಹಳೆಯದು ಪಾತ್ ಅನ್ನು (ಕಮಾಂಡ್ ಹುಡುಕುವ ಡೈರೆಕ್ಟರಿಗಳ ಪಟ್ಟಿ) ತಾನೇ ಹೊಸದಾಗಿ ಹಾಕುತ್ತಿತ್ತು. ಹೊಸದು ನಿಮ್ಮ ಪಾತ್ ಅನ್ನೇ ಹಾಗೇ ಬಿಡುತ್ತದೆ. ಮಾಮೂಲಿ ಯೂಸರ್ ಪಾತ್‌ನಲ್ಲಿ ಎಸ್‌ಬಿನ್ ಇರುವುದಿಲ್ಲ, ಅದಕ್ಕೇ ಸಿಗುತ್ತಿಲ್ಲ.

ಈಗ ಆ # ಪ್ರಾಂಪ್ಟ್‌ನಲ್ಲೇ ‘ಎಕೋ $ಯೂಸರ್’ ಹೊಡೆದು ನೋಡಿ. ನಿಮ್ಮ ಹೆಸರೇ ಬರುತ್ತದೆ! ‘ಎಕೋ $ಹೋಮ್’ ಹೊಡೆದರೆ ಮಾತ್ರ /ರೂಟ್. ಅಧಿಕಾರ ಬೇರೆ, ಎನ್ವಿರಾನ್ಮೆಂಟ್ (ಪಾತ್, ಹೋಮ್ ತರಹದ ವೇರಿಯಬಲ್‌ಗಳ ಗುಂಪು) ಬೇರೆ. ಯಾವ ಪ್ರೋಸೆಸ್ ಹುಟ್ಟಿದರೂ ತನ್ನ ಪೇರೆಂಟ್‌ನಿಂದ ವೇರಿಯಬಲ್‌ಗಳ ನಕಲು ತಗೊಂಡು ಬರುತ್ತದೆ. ಯೂಸರ್ ಬದಲಾದ ಮಾತ್ರಕ್ಕೆ ಆ ನಕಲು ಅಳಿಸಿಹೋಗುವುದಿಲ್ಲ. ಬರೀ ‘ಸು’ ಹೊಡೆದು ರೂಟ್ ಆದರೆ ಹೋಮ್ ಮತ್ತು ಶೆಲ್ ಎಂಬ ಎರಡು ವೇರಿಯಬಲ್‌ಗಳನ್ನೇ ತಿದ್ದುತ್ತದೆ. ‘ಸು -’ ಹೊಡೆದರೆ ಟರ್ಮಿನಲ್ ಬಗೆ ಹೇಳುವ ‘ಟರ್ಮ್’ ಒಂದನ್ನು ಉಳಿಸಿಕೊಂಡು ಮಿಕ್ಕಿದ್ದೆಲ್ಲ ಒರೆಸಿ ಹೊಸದಾಗಿ ಕಟ್ಟುತ್ತದೆ. ದಯವಿಟ್ಟು ಆ ಗೀಟು ಸೇರಿಸುವುದನ್ನೇ ಅಭ್ಯಾಸ ಮಾಡಿಕೊಳ್ಳಿ. ನಿಮ್ಮ ಶೆಲ್‌ನ (ಕಮಾಂಡ್ ಓದಿ ನಡೆಸುವ ಪ್ರೋಗ್ರಾಮ್) ಗೊಂದಲ ರೂಟ್ ಕೆಲಸದೊಳಗೆ ಬರಬಾರದು.

ಲ್ಯಾಬ್‌ಕೋಣೆ:
‘ಸು -’ ಹೊಡೆದೆ, ಅಕೌಂಟ್ ಆಯಿತು. ಥ್ಯಾಂಕ್ಸ್ ಸರ್. ಇನ್ನೊಂದು ಕೇಳಲೇ? ನಮ್ಮಲ್ಲಿ ಪ್ರಾಕ್ಸಿ (ನೆಟ್‌ಗೆ ಹೋಗಲು ನಡುವಿನ ಸರ್ವರ್) ಇದೆ. ಎಚ್‌ಟಿಟಿಪಿ_ಪ್ರಾಕ್ಸಿ ಎಕ್ಸ್‌ಪೋರ್ಟ್ ಮಾಡಿದ್ದೇನೆ, ಕರ್ಲ್ (ನೆಟ್‌ನಿಂದ ಪುಟ, ಫೈಲ್ ತರುವ ಕಮಾಂಡ್) ಓಡುತ್ತದೆ. ಸುಡೋ ಮೂಲಕ ರೂಟ್ ಅಧಿಕಾರದಲ್ಲಿ ಓಡಿಸುವ ‘ಸುಡೋ ಕರ್ಲ್’ ಮಾತ್ರ ನೆಟ್ ಸಿಗದೆ ನಿಂತುಬಿಡುತ್ತದೆ.

ತುಮಕೂರುಶೆಲ್:
ಸುಡೋದಲ್ಲಿ ಎನ್ವಿರಾನ್ಮೆಂಟ್ ಒರೆಸುವ ‘ಎನ್ವ್_ರೀಸೆಟ್’ ಡೀಫಾಲ್ಟಾಗಿ ಆನ್ ಇರುತ್ತದೆ. ನಿಮ್ಮ ಪ್ರಾಕ್ಸಿ ಅಲ್ಲೇ ಬಿದ್ದುಹೋಗುತ್ತದೆ. ಸುಡೋ ಸೆಟ್ಟಿಂಗ್ ತಿದ್ದುವ ‘ವಿಸುಡೋ’ ತೆರೆದು, ಉಳಿಸಬೇಕಾದ ವೇರಿಯಬಲ್‌ಗಳ ಪಟ್ಟಿಯಾದ ‘ಎನ್ವ್_ಕೀಪ್’ಗೆ ಎಚ್‌ಟಿಟಿಪಿ_ಪ್ರಾಕ್ಸಿ, ಎಚ್‌ಟಿಟಿಪಿಎಸ್_ಪ್ರಾಕ್ಸಿ ಎರಡನ್ನೇ ಸೇರಿಸಿ. ಒಂದೆರಡು ಸಲಕ್ಕೆ ಮಾತ್ರವಾದರೆ ಸುಡೋ ಜೊತೆ ದೊಡ್ಡಕ್ಷರದ ‘-ಇ’ ಸಾಕು.

ಹಳೇಟರ್ಮಿನಲ್:
ಸುಮ್ನೆ ಎಲ್ಲ ವೇರಿಯಬಲ್ಲನ್ನೂ ಎನ್ವ್_ಕೀಪ್‌ಗೆ ತುಂಬಬೇಡಿ. ಲ್ಯಾಬ್ ಸರ್ವರ್‌ನಲ್ಲಂತೂ ಬೇಡವೇ ಬೇಡ. ಪರೀಕ್ಷೆ ಮಾಡುವಾಗ ‘ಸುಡೋ ಎಕೋ $ಹೋಮ್’ ನಂಬಬೇಡಿ. ಸುಡೋ ಶುರುವಾಗುವ ಮೊದಲೇ ನಿಮ್ಮ ಶೆಲ್ ಅಲ್ಲಿ ನಿಮ್ಮ ಹೋಮ್ ತುಂಬಿಬಿಟ್ಟಿರುತ್ತದೆ. ‘ಸುಡೋ ಪ್ರಿಂಟ್‌ಎನ್ವ್ ಹೋಮ್’ ಹೊಡೆದರೆ ನಿಜ ಗೊತ್ತಾಗುತ್ತದೆ. ಹಾಗೇ, ‘ಸು -’ ನಿಮ್ಮನ್ನು /ರೂಟ್ ಡೈರೆಕ್ಟರಿಗೆ ಕರೆದುಕೊಂಡು ಹೋಗುತ್ತದೆ. ಹುಡುಗರ ಪಟ್ಟಿಯ ಫೈಲ್ ನಿಮ್ಮ ಹೋಮ್‌ನಲ್ಲಿದ್ದರೆ ಆ ಫೈಲಿನ ಪೂರ್ತಿ ವಿಳಾಸ ಕೊಡಿ.