ವೈದ್ಯೆಯನ್ನು ಕೇಳಿ: ತಾಯಿಯಿಂದ ಮಗುವಿಗೆ ಸೋಂಕು ದಾಟದಂತೆ (ಗದಗ ಜಿಲ್ಲೆಯ ಗರ್ಭಿಣಿಯರ ಗುಂಪು)

ವೈದ್ಯೆ: ರಾತ್ರಿ ಒಂಬತ್ತರವರೆಗೆ ಇರುತ್ತೇನೆ. ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ, ಈ ಮೂರರ ಬಗ್ಗೆ ಕೇಳಿ. ವರದಿಯ ಫೋಟೊ ಹಾಕುವವರು ಹೆಸರು ಮುಚ್ಚಿ.

ನರಗುಂದ: ಹೆಪಟೈಟಿಸ್ ಬಿ ಇದ್ದರೆ ಎದೆಹಾಲು ಕುಡಿಸಬಹುದೇ?

ವೈದ್ಯೆ: ಧಾರಾಳವಾಗಿ ಕುಡಿಸಿ.

ಮುಂಡರಗಿ: ಮೇಡಂ, ನನಗೀಗ 30 ವಾರ. ಹೆಪಟೈಟಿಸ್ ಬಿ ಇದೆ ಎಂದು ಮೂರನೆಯ ತಿಂಗಳಲ್ಲೇ ಹುಬ್ಬಳ್ಳಿಯಲ್ಲಿ ಗೊತ್ತಾಯಿತು. ಕುಬಸ ಮುಗಿಸಿ ತವರಿಗೆ ಬಂದಿದ್ದೇನೆ. ವರದಿ ಗಂಡನ ಮನೆಯ ಕಪಾಟಿನಲ್ಲಿದೆ. ತವರಿನವರಿಗೆ ಹೇಳಬೇಡ ಎಂದು ಅತ್ತೆ ಹೇಳಿದ್ದಾರೆ. ಇಲ್ಲಿ ಹೊಸ ಕಾರ್ಡ್ ಮಾಡಿಸಿದೆವು. ಹೇಗೂ ಹುಟ್ಟಿದ ಮಗುವಿಗೆ ಲಸಿಕೆ ಹಾಕುತ್ತಾರಲ್ಲ, ಸಾಕಲ್ಲವೇ?

ವೈದ್ಯೆ: ಸಾಲದು. ನಿಮ್ಮ ಮಗುವಿಗೆ ಎರಡು ಚುಚ್ಚುಮದ್ದು ಬೇಕು. ಒಂದು ತೊಡೆಗೆ ಲಸಿಕೆ, 24 ಗಂಟೆಯೊಳಗೆ. ಇನ್ನೊಂದು ತೊಡೆಗೆ ಇಮ್ಯುನೊಗ್ಲಾಬ್ಯುಲಿನ್ (ವೈರಸ್ ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು), 12 ಗಂಟೆಯೊಳಗೆ. ಎರಡನೆಯದು ಎಲ್ಲ ಆಸ್ಪತ್ರೆಗಳ ಫ್ರಿಜ್‌ನಲ್ಲಿ ಇರುವುದಿಲ್ಲ, ಮೊದಲೇ ತರಿಸಿಡಬೇಕು. ನೋವು ಬಂದ ಮೇಲೆ ನಿಮ್ಮ ಅಣ್ಣ ಅದನ್ನು ಹುಡುಕಿಕೊಂಡು ಗದಗದ ಅಂಗಡಿಗಳನ್ನು ಸುತ್ತುವಂತಾಗಬಾರದು. ನೀವು ಬಾಯಿ ಬಿಡದಿದ್ದರೆ ತರಿಸಿಡುವವರು ಯಾರು? ಹೊಸ ಕಾರ್ಡಿನಲ್ಲಿ ಏನೂ ಬರೆದಿಲ್ಲವಲ್ಲ.

ಹೆರಿಗೆಯ ಹೊತ್ತಿಗೆ ಕೂಸಿಗೆ ಈ ಸೋಂಕು ಹತ್ತಿದರೆ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಅದು ದೇಹದಲ್ಲೇ ಬೀಡುಬಿಡುತ್ತದೆ. ಮುಂದೆ ಲಿವರ್ ಗಟ್ಟಿಯಾಗುವುದು, ಕ್ಯಾನ್ಸರ್ ಎಲ್ಲ ಅದರ ಹಿಂದೆ ಬರಬಹುದು. ದೊಡ್ಡವರಿಗೆ ಹತ್ತಿದರೆ ಬಹುಪಾಲು ತಾನೇ ಹೋಗುತ್ತದೆ. ಅತ್ತೆಯವರಿಗೆ ಈ ವ್ಯತ್ಯಾಸ ತಿಳಿಸಿ.

ಇನ್ನೊಂದು ಮಾತು. ನಿಮ್ಮ ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಅಳೆಸಿದ್ದಾರೆಯೇ? ಪ್ರತಿ ಮಿಲಿಲೀಟರಿಗೆ 2 ಲಕ್ಷ ಯೂನಿಟ್ ಅಥವಾ ಹೆಚ್ಚಿದ್ದರೆ 28ನೇ ವಾರದಿಂದ ವೈರಸ್ ತಗ್ಗಿಸುವ ಟೆನೊಫೊವಿರ್ ಮಾತ್ರೆ ಕೊಡುತ್ತೇವೆ. ನಿಮಗೆ ಎರಡು ವಾರ ತಡವಾಗಿದೆ, ಕೈಮೀರಿಲ್ಲ. ಲಿವರ್ ಪರೀಕ್ಷೆ ಸರಿ ಇದೆ ಎಂದರೆ ವೈರಸ್ ಕಡಿಮೆ ಇದೆ ಎಂದಲ್ಲ. ಈ ವಾರವೇ ಗದಗದ ಜಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು) ಆಸ್ಪತ್ರೆಗೆ ಹೋಗಿ ಕೇಳಿ.

ಗದಗ, ನಿವೃತ್ತ ಶಿಕ್ಷಕರು: ಬಂದ ಸಂದೇಶ ಹಂಚುತ್ತಿದ್ದೇನೆ. ನೆಲನೆಲ್ಲಿ ರಸ, ಹುಳಿ ಮಜ್ಜಿಗೆ, ಏಳು ದಿನ ಬರಿಹೊಟ್ಟೆಯಲ್ಲಿ. ಮೊಳಕೈಗೆ ಬರೆ ಹಾಕಿಸಿದರೆ ಕಾಮಣಿ (ಕಾಮಾಲೆ) ಬೇರುಸಹಿತ ಹೋಗುತ್ತದೆ.

ವೈದ್ಯೆ: ಬರೆ ಹಾಕಿಸಿಕೊಂಡು ಬಂದ ಬಸುರಿಯರನ್ನು ನೋಡಿದ್ದೇನೆ. ಚರ್ಮ ಸುಟ್ಟಿತ್ತು, ವೈರಸ್ ಸುಟ್ಟಿರಲಿಲ್ಲ. ಕಣ್ಣು ಹಳದಿಯಾದ ಗರ್ಭಿಣಿ ಅಂದೇ ಆಸ್ಪತ್ರೆಗೆ ಬರಬೇಕು. ಸಂದೇಶ ಅಳಿಸಿ.

ಶಿರಹಟ್ಟಿ: ಸಿಫಿಲಿಸ್‌ನ ವಿಡಿಆರ್‌ಎಲ್ ರಕ್ತ ಪರೀಕ್ಷೆ ಪಾಸಿಟಿವ್ ಬಂದು, ಖಚಿತಪಡಿಸುವ ಪರೀಕ್ಷೆಯೂ ಪಾಸಿಟಿವ್ ಆಯಿತು. ಪೆನಿಸಿಲಿನ್ ಕೊಟ್ಟರು. ಯಜಮಾನರು ತಮಗೇನೂ ಆಗಿಲ್ಲ ಎನ್ನುತ್ತಾರೆ.

ವೈದ್ಯೆ: ಅವರಿಗೂ ಪರೀಕ್ಷೆ, ಚಿಕಿತ್ಸೆ ಆಗಲೇಬೇಕು. ಇಲ್ಲವಾದರೆ ನಿಮಗೆ ಮತ್ತೆ ಹತ್ತಬಹುದು. ಹೆರಿಗೆಗೆ ಕನಿಷ್ಠ ನಾಲ್ಕು ವಾರ ಮೊದಲು ಪೆನಿಸಿಲಿನ್ ಆಗಿದ್ದರೆ ಮಗುವಿಗೆ ಒಳ್ಳೆಯ ರಕ್ಷಣೆ. ಆದರೂ ಹುಟ್ಟಿದ ಮೇಲೆ ಮಗುವನ್ನು ಪರೀಕ್ಷಿಸುತ್ತಾರೆ.

ಲಕ್ಷ್ಮೇಶ್ವರ, ಆಶಾ ಕಾರ್ಯಕರ್ತೆ: ಹೆಂಗಸರು ಮೊದಲ ತಿಂಗಳಿಂದಲೇ ರಕ್ತ ಕೊಡುತ್ತಾರೆ. ಗಂಡಸರನ್ನು ಕರೆತರಲು ಮೂರು ಸಲ ಬಾಗಿಲು ತಟ್ಟಬೇಕು.

ಗದಗ, ನಿವೃತ್ತ ಶಿಕ್ಷಕರು: ಎಲ್ಲ ಗಂಡಸರನ್ನೂ ಹಾಗೆ ಅನ್ನಬಾರದು. ಮದುವೆಗೆ ಮುಂಚೆಯೇ ಹುಡುಗಿಯರ ರಕ್ತ ಪರೀಕ್ಷಿಸಿದರೆ ಈ ತಾಪತ್ರಯವಿಲ್ಲ.

ಲಕ್ಷ್ಮೇಶ್ವರ, ಆಶಾ ಕಾರ್ಯಕರ್ತೆ: ಹುಡುಗಿಯರದು ಮಾತ್ರವೇ ಗುರುಗಳೇ?

ರೋಣ: ಎಚ್‌ಐವಿ ಇದ್ದವರು ಮಗುವಿನ ಆಸೆಯನ್ನೇ ಬಿಡಬೇಕು. ಸುಮ್ಮನೆ ಒಂದು ಜೀವಕ್ಕೆ ಶಿಕ್ಷೆ.

ನರಗುಂದ: ನಾಲಿಗೆ ಹಿಡಿತದಲ್ಲಿರಲಿ. ಈ ಗುಂಪಿನಲ್ಲಿ ಯಾರ್ಯಾರಿದ್ದಾರೋ ನಿಮಗೇನು ಗೊತ್ತು?

ವೈದ್ಯೆ: ರೋಣದವರೇ, ಚಿಕಿತ್ಸೆಯೇ ಇಲ್ಲದಿದ್ದರೆ ನೂರರಲ್ಲಿ 15ರಿಂದ 45 ಮಕ್ಕಳಿಗೆ ಎಚ್‌ಐವಿ ದಾಟಬಹುದು. ತಾಯಿ ತಪ್ಪದೆ ಮಾತ್ರೆ ತೆಗೆದುಕೊಂಡು ಮಗುವಿಗೆ ಔಷಧ ಕೊಟ್ಟರೆ ಅದು 5ಕ್ಕಿಂತ ಕೆಳಗಿಳಿಯುತ್ತದೆ. ಮಾತ್ರೆ ಸರ್ಕಾರದ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೇಂದ್ರದಲ್ಲಿ ಉಚಿತ. ಸೋಂಕಿತರನ್ನು ತಾರತಮ್ಯದಿಂದ ಕಾಪಾಡಲು 2017ರ ಕಾಯ್ದೆಯೇ ಇದೆ. ಇನ್ನೊಮ್ಮೆ ಹೀಗೆ ಬರೆದರೆ ಗುಂಪಿನಿಂದ ತೆಗೆಯಲು ಹೇಳುತ್ತೇನೆ.

ಗಜೇಂದ್ರಗಡ: ಕಬ್ಬಿಣದ ಮಾತ್ರೆಯಿಂದ ಮಲಬದ್ಧತೆ ಆಗುತ್ತಿದೆ, ಏನು ಮಾಡಲಿ?

ರೋಣ: ನಾನು ಕೇಳಿದ್ದನ್ನು ಹೇಳಿದೆ ಅಷ್ಟೇ. ವೈದ್ಯರಿಗೂ ಇಷ್ಟು ಸಿಟ್ಟು ಸಲ್ಲದು.

ಗದಗ, ನಿವೃತ್ತ ಶಿಕ್ಷಕರು: ನಮ್ಮ ಹಿರಿಯರು ಹನ್ನೆರಡು ಹೆರುತ್ತಿದ್ದರು, ಯಾವ ಪರೀಕ್ಷೆಯೂ ಇರಲಿಲ್ಲ.

ಲಕ್ಷ್ಮೇಶ್ವರ, ಆಶಾ ಕಾರ್ಯಕರ್ತೆ: ಅವುಗಳಲ್ಲಿ ಎಷ್ಟು ಉಳಿಯುತ್ತಿದ್ದವು, ಅದನ್ನೂ ಹೇಳಿ.

ಹೊಳೆಆಲೂರು: ಹೆಪಟೈಟಿಸ್ ಬಿ ಇದ್ದರೆ ಹಾಲು ಕುಡಿಸಬಹುದೇ? ಸಿಸೇರಿಯನ್ ಬೇಕೇ?

ವೈದ್ಯೆ: ಹಾಲಿನ ಉತ್ತರ ಮೇಲಿದೆ. ಇದೊಂದೇ ಕಾರಣಕ್ಕೆ ಸಿಸೇರಿಯನ್ ಬೇಡ. ಮುಂಡರಗಿಯವರೇ, ವರದಿಯ ವಿಷಯ ಏನಾಯಿತು?

ಮುಂಡರಗಿ: ಅಣ್ಣನಿಗೆ ಹೇಳಿದೆ. ಯಜಮಾನರಿಗೂ ಫೋನ್ ಮಾಡಿದೆ. ನಾಳೆ ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಾರಂತೆ.

ವೈದ್ಯೆ: ಫೋಟೊ ತೆಗೆದು ಈಗಲೇ ಕಳಿಸಲಿ. ಅವರ ರಕ್ತ ಪರೀಕ್ಷೆ ಆಗಿದೆಯೇ?

ಮುಂಡರಗಿ: ಇಲ್ಲ ಮೇಡಂ.

ವೈದ್ಯೆ: ಹಾಗಾದರೆ ಕಂಡಕ್ಟರ್ ಬೇಡ, ಅವರೇ ಬರಲಿ.