ಕೌಂಟರ್‌ಟಾಪ್‌ಗೆ ಏನನ್ನೋಣ: ಕಟ್ಟೆ, ಹಾಸು, ಚಪ್ಪಡಿ?

ಗೆಳೆಯರೇ,

ಅಡುಗೆಮನೆ ಹೊಸದು ಮಾಡಿಸುತ್ತಿದ್ದೇವೆ. ಒಲೆ ಇಡುವ ಕಟ್ಟೆಯ ಮೇಲ್ಭಾಗ, ಅಂದರೆ ಕೌಂಟರ್‌ಟಾಪ್, ಗ್ರಾನೈಟಿನದು ಬೇಡ, ಕಾಂಕ್ರೀಟಿನದೇ ಬೇಕು ಎಂದು ಮಗಳ ಹಟ. ನಕ್ಷೆಯಲ್ಲಿದ್ದ ‘ಕಸ್ಟಮ್ ಕಾಂಕ್ರೀಟ್ ಕೌಂಟರ್‌ಟಾಪ್’ ಅನ್ನುವುದನ್ನು ಮೇಸ್ತ್ರಿಗೆ ಹಾಗೇ ಓದಿ ಹೇಳಿದೆ. ‘ಕೌಂಟರ್ ಯಾಕೆ ಸಾರ್, ಅಂಗಡಿ ಇಡ್ತೀರಾ?’ ಅಂದರು. ನಮ್ಮಲ್ಲಿ ಕೌಂಟರ್ ಅಂದ್ರೆ ಟಿಕೆಟ್ ಕೊಡುವ ಜಾಗ, ಅಲ್ವಾ?

‘ಕಸ್ಟಮ್’ಗೆ ತೊಂದರೆಯಿಲ್ಲ. ‘ಹೇಳಿ ಮಾಡಿಸಿದ್ದು’ ಅಂದರೆ ಮುಗಿಯಿತು. ತೊಡಕಿರುವುದು ಉಳಿದ ಎರಡರಲ್ಲಿ.

ಮೈಸೂರಿನಲ್ಲಿ ನಾವು ಅಡುಗೆ ಕಟ್ಟೆ ಅನ್ನುತ್ತೇವೆ. ಆದರೆ ಕಟ್ಟೆ ಅಂದರೆ ಅರಳಿ ಕಟ್ಟೆಯ ಹಾಗೆ ಬುಡದಿಂದ ಕಟ್ಟಿದ್ದೆಲ್ಲ ಸೇರಿತು. ಮೇಲಿನ ಹಲಗೆಯಂಥ ಭಾಗಕ್ಕೆ ಬೇರೆ ಹೆಸರು ಇದುವರೆಗೆ ಬೇಕಾಗಿರಲಿಲ್ಲ. ‘ಕಡಪ ಹಾಕಿಸಿದ್ವಿ’, ‘ಗ್ರಾನೈಟ್ ಹಾಕಿಸಿದ್ವಿ’ ಅಂದರೆ ಕಲ್ಲಿನ ಹೆಸರೇ ಆ ಕೆಲಸ ಮಾಡುತ್ತಿತ್ತು. ‘ಕಾಂಕ್ರೀಟ್ ಹಾಕಿಸಿದ್ವಿ’ ಅಂದು ನೋಡಿ, ಕೇಳಿದವರ ಕಣ್ಣು ಸೂರಿನ ಕಡೆ ಹೋಗುತ್ತದೆ!

ಇನ್ನೂ ತಮಾಷೆ ‘ಮೋಲ್ಡ್’ನದು. ಇಂಗ್ಲಿಷಿನಲ್ಲಿ ಅದು ಅಚ್ಚು. ನಮ್ಮ ಕಡೆ ಅಚ್ಚಿನ ಹೆಸರು ಅದರೊಳಗೆ ತಯಾರಾದ ವಸ್ತುವಿಗೇ ಅಂಟಿಕೊಂಡಿದೆ: ಮೋಲ್ಡ್ ಮನೆ, ‘ನಾಳೆ ಮೋಲ್ಡ್ ಹಾಕ್ತಾರೆ’. ಅಚ್ಚಿನ ಹಲಗೆ ಕಟ್ಟುವುದಕ್ಕೆ ಮೇಸ್ತ್ರಿಯ ಮಾತು ‘ಸೆಂಟ್ರಿಂಗ್’. ಹಾಗಾಗಿ ‘ಮೋಲ್ಡ್ ಎಲ್ಲಿ ಮಾಡ್ತೀರಿ?’ ಅಂದಾಗ ಅವರು ಮೇಲೆ ನೋಡಿದ್ದು ಸರಿಯೇ.

ನನಗೆ ಹಿಡಿಸಿರುವುದು ‘ಎರಕ’. ಅದು ‘ಎರೆ’ಯಿಂದ ಬಂದ ಮಾತು. ಕೆಲವು ಕಡೆ ದೋಸೆ ಎರೆಯುತ್ತಾರೆ, ನಮ್ಮಲ್ಲಿ ದೋಸೆ ಹುಯ್ಯುತ್ತೇವೆ. ‘ಎರಕ ಹುಯ್ಯುವುದು’ ಅನ್ನುವಲ್ಲಿ ಎರಡೂ ಇವೆ. ಅಡುಗೆಮನೆಗೆ ಇದಕ್ಕಿಂತ ಹೊಂದುವ ಮಾತು ಎಲ್ಲಿ ಸಿಕ್ಕೀತು? ಆದರೆ ಕಾಂಕ್ರೀಟ್ ಹುಯ್ಯುವುದು ಎರಡು ಬಗೆ. ಒಂದು, ಕಟ್ಟೆಯ ಮೇಲೇ ಹಲಗೆ ಕಟ್ಟಿ ಹುಯ್ಯುವುದು. ಇನ್ನೊಂದು, ಬೇರೆ ಕಡೆ ಹುಯ್ದು ಹೊತ್ತು ತರುವುದು. 2 ಇಂಚು ದಪ್ಪ, 6 ಅಡಿ ಉದ್ದ, 2 ಅಡಿ ಅಗಲ ಇದ್ದರೆ ಸುಮಾರು 135 ಕಿಲೊ, ಸುಮ್ನೆ ಅಲ್ಲ! ಮೊದಲನೆಯದಕ್ಕೆ ‘ಎರಕದ ಹಾಸು’, ಎರಡನೆಯದಕ್ಕೆ ‘ಎರಕದ ಚಪ್ಪಡಿ’ ಆಗಬಹುದೇ? ಚಪ್ಪಡಿ ಅಂದರೆ ಕಲ್ಲೇ ಆಗಬೇಕು ಅನ್ನುವವರು ಮನೆಯಲ್ಲೇ ಇದ್ದಾರೆ, ನನ್ನ ಹೆಂಡತಿ.

ಇನ್ನೊಂದು ಸಣ್ಣ ಪ್ರಶ್ನೆ. ಕಾಂಕ್ರೀಟಿನ ಮೇಲೆ ಅರಿಸಿನ ಬಿದ್ದರೆ ಕಲೆ. ನಿಂಬೆ ರಸ, ಹುಣಸೆ ರಸ ನಿಂತರೆ ಆಗುವುದು ಬೇರೆ. ಹುಳಿ ಸಿಮೆಂಟನ್ನೇ ಕರಗಿಸಿ ನುಣುಪು ಕೆಡಿಸುತ್ತದೆ. ಮೇಲೆ ಸೀಲರ್ ಬಳಿಯುವುದು ಎರಡನ್ನೂ ತಡೆಯಲು. ಬಣ್ಣ ಕಟ್ಟಿದ್ದಕ್ಕೂ ಮೈ ಸವೆದದ್ದಕ್ಕೂ ‘ಕಲೆ’ ಅಂದುಬಿಟ್ಟರೆ, ಉಜ್ಜಿದರೆ ಹೋಗುತ್ತೆ ಅಂದುಕೊಳ್ಳುತ್ತಾರೆ. ‘ಹುಳಿ ತಿಂದಿದೆ’ ಅಂತ ನಮ್ಮಮ್ಮ ಹಿತ್ತಾಳೆ ಪಾತ್ರೆಗೆ ಹೇಳುತ್ತಿದ್ದರು. ಅದನ್ನೇ ಇಲ್ಲಿಗೂ ತರಬಹುದಲ್ಲವೇ?

ಧಾರವಾಡ, ಮಂಗಳೂರು, ಶಿರಸಿ ಕಡೆಯವರು ಕಟ್ಟೆಯ ಮೇಲ್ಭಾಗಕ್ಕೆ ಏನನ್ನುತ್ತೀರಿ? ಗಾರೆ ಕೆಲಸದವರ ಬಾಯಲ್ಲಿ ಕೇಳಿದ್ದಾದರೆ ಇನ್ನೂ ಒಳ್ಳೆಯದು. ಬರುವ ವಾರ ಹಲಗೆ ಕಟ್ಟುತ್ತಾರೆ, ಅಷ್ಟರೊಳಗೆ ತಿಳಿಸಿ.