ಕನ್ನಡ ಅಭ್ಯಾಸದ ಹಾಳೆಗಳನ್ನು ಪಿಡಿಎಫ್ ಮಾಡಿ ಮಾರುವುದು ಹೇಗೆ?

ಪ್ರಶ್ನೆ (ಮೈಸೂರಿನ ಶಿಕ್ಷಕಿ)

ಎಲ್ಲರಿಗೂ ನಮಸ್ಕಾರ. ನಾನು ಖಾಸಗಿ ಶಾಲೆಯೊಂದರಲ್ಲಿ ಹನ್ನೊಂದು ವರ್ಷಗಳಿಂದ ಕನ್ನಡ ಕಲಿಸುತ್ತಿದ್ದೇನೆ. ಒಂದರಿಂದ ಮೂರನೆಯ ತರಗತಿಯ ಮಕ್ಕಳಿಗಾಗಿ ಕಾಗುಣಿತ, ಒತ್ತಕ್ಷರ ಮತ್ತು ಸರಳ ಪದಗಳ ಅಭ್ಯಾಸದ ಹಾಳೆಗಳನ್ನು ನಾನೇ ತಯಾರಿಸುತ್ತ ಬಂದಿದ್ದು, ಅವು ಈಗ ಇನ್ನೂರನ್ನು ದಾಟಿವೆ. ಇವನ್ನು ಪಿಡಿಎಫ್ ರೂಪದಲ್ಲಿ ಮಾರಿ, ಸಂಬಳದ ಜೊತೆಗೆ ಸ್ವಲ್ಪ ಆದಾಯ ಗಳಿಸಬೇಕೆಂದಿದ್ದೇನೆ. ಎಲ್ಲವೂ ನುಡಿ ತಂತ್ರಾಂಶದಲ್ಲಿ ಬೆರಳಚ್ಚಾಗಿವೆ; ಕೆಲವು ಹಾಳೆಗಳಲ್ಲಿ ಶಿಶುಗೀತೆಗಳನ್ನೂ ಅಂತರ್ಜಾಲದಿಂದ ತೆಗೆದ ಚಿತ್ರಗಳನ್ನೂ ಬಳಸಿದ್ದೇನೆ. ಇವನ್ನು ಯಾರು ಕೊಳ್ಳುತ್ತಾರೆ, ಬೆಲೆ ಎಷ್ಟಿಡಬೇಕು, ತೆರಿಗೆಯ ವಿಚಾರದಲ್ಲಿ ಏನು ಮಾಡಬೇಕು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1 (ಬೆಂಗಳೂರು, ಮೂರು ವರ್ಷಗಳಿಂದ ಮಾರುತ್ತಿರುವವರು)

ಮೇಡಂ, ಮೊದಲ ವರ್ಷ ನಾನು ಮಾಡಿದ ತಪ್ಪನ್ನು ನೀವು ಮಾಡಬಾರದೆಂದು ವಿವರವಾಗಿ ಬರೆಯುತ್ತಿದ್ದೇನೆ. ಕನ್ನಡ ಬಲ್ಲ ಮನೆಗಳೇ ನನ್ನ ಗ್ರಾಹಕರೆಂದು ನಾನು ಭಾವಿಸಿದ್ದೆ. ಆದರೆ ಆ ಮನೆಗಳಲ್ಲಿ ಅಮ್ಮನೋ ಅಜ್ಜಿಯೋ ಸ್ಲೇಟಿನ ಮೇಲೆ ಬರೆದುಕೊಟ್ಟು ತಿದ್ದಿಸುತ್ತಾರೆ. ಹಾಳೆಗೆ ಹಣ ಕೊಡುವ ಅಗತ್ಯ ಅವರಿಗೆ ಕಾಣುವುದಿಲ್ಲ. ನಿಜವಾಗಿ ಕೊಳ್ಳುವವರು ಕನ್ನಡ ಓದಲು ಬಾರದ ಪೋಷಕರು. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯು 2017-18ರಿಂದ ಹಂತ ಹಂತವಾಗಿ ಜಾರಿಗೆ ಬಂದ ಮೇಲೆ, ಬೇರೆ ರಾಜ್ಯಗಳಿಂದ ಬಂದು ಇಲ್ಲಿ ನೆಲೆಸಿದವರ ಮಕ್ಕಳೂ ಶಾಲೆಯಲ್ಲಿ ಕನ್ನಡ ಕಲಿಯುತ್ತಿದ್ದಾರೆ. ಮಗು 'ಸೂರ್ಯ' ಎಂದು ಬರೆಯುವಾಗ ಮೊದಲು ಉಚ್ಚರಿಸುವ ರಕಾರ ಕೊನೆಯಲ್ಲೇಕೆ ಬಂತು ಎಂದು ಕೇಳಿದರೆ, ಅದಕ್ಕೆ ಅರ್ಕಾವೊತ್ತು ಎಂಬ ಹೆಸರಿದೆ ಎಂಬುದೂ ಆ ತಂದೆತಾಯಿಗಳಿಗೆ ತಿಳಿದಿರುವುದಿಲ್ಲ. ಹಾಳೆಯ ಅಂಚಿನಲ್ಲಿ ಇಂಗ್ಲಿಷಿನಲ್ಲಿ ಉಚ್ಚಾರಣೆ, ಒಂದು ಸಾಲಿನ ಸೂಚನೆ ಮತ್ತು ಕೊನೆಯಲ್ಲಿ ಉತ್ತರಗಳ ಪುಟ ಸೇರಿಸಿದ ಮೇಲೆಯೇ ನನ್ನ ಮಾರಾಟ ಚೇತರಿಸಿಕೊಂಡಿತು. ವಿದೇಶದ ಕನ್ನಡ ಕುಟುಂಬಗಳಿಗೂ ಇದೇ ಬೇಕು.

ಇನ್ನೂರು ಹಾಳೆಗಳನ್ನೂ ಒಮ್ಮೆಗೇ ಮಾರಾಟಕ್ಕಿಡಬೇಡಿ. ಒಂದೇ ತೊಡಕನ್ನು ಬಿಡಿಸುವ ಮೂವತ್ತು ಹಾಳೆಗಳ ಕಟ್ಟನ್ನು ಮಾಡಿ, ಮೂರು ಹಾಳೆಗಳನ್ನು ಮಾದರಿಯಾಗಿ ಉಚಿತವಾಗಿ ಕೊಡಿ. ನಾನು ಅಂಥ ಕಟ್ಟನ್ನು 149 ರೂಪಾಯಿಗೆ ಮಾರುತ್ತೇನೆ. ಇಲ್ಲಿನವರಿಗೆ ಯುಪಿಐ ಸಾಕು. ಹೊರದೇಶದವರಿಗಾಗಿ ಎಟ್ಸಿ ಎಂಬ ಅಂತರ್ಜಾಲ ಮಾರುಕಟ್ಟೆಯಲ್ಲಿ ಅಂಗಡಿ ತೆರೆಯಬಹುದಾದರೂ, ಅಲ್ಲಿ ಪ್ರತಿ ವಸ್ತುವನ್ನು ಪಟ್ಟಿಗೆ ಸೇರಿಸಲು 0.20 ಡಾಲರ್, ಮಾರಾಟವಾದಾಗ ಬೆಲೆಯ ಶೇ. 6.5, ಅದರ ಮೇಲೆ ಹಣ ಪಾವತಿಯ ಶುಲ್ಕವೂ ಇರುವುದರಿಂದ, ಒಂದು ಡಾಲರಿನ ಬಿಡಿ ಹಾಳೆಗಳನ್ನು ಮಾರಿದರೆ ಕೈಗೆ ಹೆಚ್ಚೇನೂ ಉಳಿಯದು.

ಉತ್ತರ 2 (ಪುಟವಿನ್ಯಾಸಕರು)

ನುಡಿಯ ಹಳೆಯ ಅಕ್ಷರಶೈಲಿಗಳಲ್ಲಿರುವ ಪಠ್ಯವನ್ನು ಮೊದಲು ಎಲ್ಲ ಗಣಕಗಳೂ ಗುರುತಿಸುವ ಯುನಿಕೋಡ್ ಎಂಬ ಅಕ್ಷರಸಂಕೇತಕ್ಕೆ ಪರಿವರ್ತಿಸಿಕೊಳ್ಳಿ. ಇಲ್ಲದಿದ್ದರೆ ಪಿಡಿಎಫ್ ನೋಡಲು ಸರಿಯಿದ್ದರೂ, ಅದರೊಳಗೆ ಹುಡುಕಿದರೆ ಏನೂ ಸಿಗುವುದಿಲ್ಲ, ನಕಲಿಸಿದರೆ ರೋಮನ್ ಅಕ್ಷರಗಳ ರಾಶಿ ಬರುತ್ತದೆ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ 2, ಟೀರೋ ಕನ್ನಡ ಮುಂತಾದವು ಮುಕ್ತ ಪರವಾನಗಿಯ ಅಕ್ಷರಶೈಲಿಗಳಾಗಿದ್ದು, ಮಾರುವ ಹಾಳೆಗಳಲ್ಲೂ ಬಳಸಬಹುದು. ಇನ್‌ಡಿಸೈನ್ ಎಂಬ ಪುಟವಿನ್ಯಾಸದ ತಂತ್ರಾಂಶ ಬಳಸುವುದಾದರೆ, ಅದರಲ್ಲಿ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್ ರೆಡಿ ಕಂಪೋಸರ್ ಎಂಬುದನ್ನು ಆಯ್ಕೆ ಮಾಡಿಕೊಳ್ಳದೆ ಒತ್ತಕ್ಷರಗಳು ಸರಿಯಾಗಿ ಕೂಡಿಕೊಳ್ಳುವುದಿಲ್ಲ.

ತಿದ್ದುವ ಅಕ್ಷರಗಳ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ. ಅನೇಕರು ಅಕ್ಷರದ ಹೊರಗೆರೆಯನ್ನು ಚುಕ್ಕಿಯಾಗಿಸಿ ಮಾರುತ್ತಿದ್ದಾರೆ. ಆಗ ಮಗು ಅಕ್ಷರವನ್ನು ಬರೆಯುವ ಬದಲು ಅದರ ಸುತ್ತ ಬೇಲಿ ಹಾಕುತ್ತದೆ. ಇಂಕ್‌ಸ್ಕೇಪಿನಂಥ ಉಚಿತ ತಂತ್ರಾಂಶದಲ್ಲಿ ಪ್ರತಿ ಅಕ್ಷರದ ನಡುಗೆರೆಯನ್ನು ಕೈಯಿಂದಲೇ ಎಳೆದು, ಎಲ್ಲಿ ಆರಂಭಿಸಬೇಕು, ಯಾವ ಕಡೆಗೆ ತಿರುಗಬೇಕು ಎಂಬುದನ್ನು ಬಾಣದ ಗುರುತಿನಿಂದ ತೋರಿಸಬೇಕು. ನಲವತ್ತೊಂಬತ್ತು ಅಕ್ಷರಗಳಿಗೆ ಒಮ್ಮೆ ಈ ಶ್ರಮ ಪಟ್ಟರೆ ಮುಂದಿನ ಎಲ್ಲ ಹಾಳೆಗಳಿಗೂ ಅದೇ ಆಧಾರವಾಗುತ್ತದೆ.

ಉತ್ತರ 3 (ಲೆಕ್ಕಪತ್ರದ ಕೆಲಸದಲ್ಲಿರುವವರು)

ಪಿಡಿಎಫ್ ಮಾರಾಟದಂಥ ಸೇವೆಗಳನ್ನು ಮಾತ್ರ ಒದಗಿಸುವವರಿಗೆ ಕರ್ನಾಟಕದಲ್ಲಿ ಸಾಮಾನ್ಯವಾಗಿ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಜಿಎಸ್‌ಟಿ ನೋಂದಣಿಯ ಅಗತ್ಯ ಬರುವುದಿಲ್ಲ. ಆದಾಯ ತೆರಿಗೆಯಲ್ಲಿ ಮಾತ್ರ ಗಮನವಿರಲಿ: ಇದು ವ್ಯವಹಾರದ ಆದಾಯವಾಗುವುದರಿಂದ, ಸಂಬಳದಾರರು ಸಲ್ಲಿಸುವ ಐಟಿಆರ್-1 ಎಂಬ ತೆರಿಗೆ ವಿವರದ ನಮೂನೆ ನಿಮಗೆ ಇನ್ನು ಹೊಂದುವುದಿಲ್ಲ, ಐಟಿಆರ್-3 ಅಥವಾ 4 ಬೇಕಾಗುತ್ತದೆ. ಶಾಲೆಯ ನೇಮಕಾತಿ ಪತ್ರದಲ್ಲಿ ಹೊರಗಿನ ದುಡಿಮೆಯ ಕುರಿತು ಷರತ್ತಿದೆಯೇ, ಶಾಲೆಗಾಗಿ ಸಿದ್ಧಪಡಿಸಿದ ಹಾಳೆಗಳ ಹಕ್ಕು ಯಾರದು ಎಂಬುದನ್ನೂ ನೋಡಿ, ಲಿಖಿತ ಒಪ್ಪಿಗೆ ಪಡೆಯುವುದು ಒಳ್ಳೆಯದು.

ಅಂತರ್ಜಾಲದ ಚಿತ್ರಗಳನ್ನು ದಯವಿಟ್ಟು ತೆಗೆದುಹಾಕಿ. ಶಿಶುಗೀತೆಗಳ ಹಕ್ಕು ಕವಿಯ ಮರಣದ ನಂತರ 60 ವರ್ಷ ಉಳಿಯುತ್ತದೆ. ಪಂಜೆ ಮಂಗೇಶರಾಯರು 1937ರಲ್ಲಿ ತೀರಿಕೊಂಡದ್ದರಿಂದ ಅವರ ಪದ್ಯಗಳನ್ನು ಈಗ ಯಾರು ಬೇಕಾದರೂ ಬಳಸಬಹುದು. 1979ರಲ್ಲಿ ತೀರಿಕೊಂಡ ಜಿ.ಪಿ. ರಾಜರತ್ನಂ ಅವರ ಪದ್ಯಗಳಿಗೆ 2039ರ ಕೊನೆಯವರೆಗೂ ಅನುಮತಿ ಬೇಕು.

ಪ್ರಶ್ನೆ ಕೇಳಿದವರ ಮರುಮಾತು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಶಿಶುಗೀತೆಗಳ ಹಾಳೆಗಳನ್ನು ಸದ್ಯಕ್ಕೆ ಬದಿಗಿಟ್ಟು, ಒತ್ತಕ್ಷರಗಳ ಕಟ್ಟಿನಿಂದಲೇ ಆರಂಭಿಸುತ್ತೇನೆ. ನನ್ನ ತರಗತಿಯಲ್ಲಿಯೇ ಮನೆಯಲ್ಲಿ ಕನ್ನಡವಿಲ್ಲದ ಆರು ಮಕ್ಕಳಿದ್ದಾರೆ. ಅವರ ಪೋಷಕರಿಗೆ ಮೊದಲ ಹತ್ತು ಹಾಳೆಗಳನ್ನು ಕೊಟ್ಟು, ನನ್ನ ನೆರವಿಲ್ಲದೆ ಅವರು ಎಲ್ಲಿ ತಡವರಿಸುತ್ತಾರೆಂದು ನೋಡಿ, ಸೂಚನೆಗಳನ್ನು ತಿದ್ದಿಕೊಳ್ಳುವೆ. ಅರ್ಕಾವೊತ್ತಿಗೆ ಪ್ರತ್ಯೇಕವಾಗಿ ನಾಲ್ಕು ಹಾಳೆಗಳನ್ನು ಇಂದು ರಾತ್ರಿಯೇ ಬರೆಯಲು ಕೂರುತ್ತಿದ್ದೇನೆ.